ಮುಚ್ಚಿಡಲು ನಮ್ಮಲ್ಲೇನಿದೆ ಎನ್ನುವ ಮುನ್ನ

ಹೊಸ ಯಂತ್ರಗಳ ಕುರಿತು ಹರೆಯದವರು ಆಡುವ ಮಾತಿಗಿಂತ ಹಿರಿಯರು ಆಡುವ ಮಾತಿಗೆ ಸಮಾಜದಲ್ಲಿ ತೂಕ ಹೆಚ್ಚು. ಯುವಕರಿಗೆ ಮೊಬೈಲ್ ಮೋಹ ಸಹಜ ಎಂದು ನಾವು ಅವರ ಮಾತನ್ನು ಅರ್ಧ ಕಿವಿಯಿಂದ ಕೇಳುತ್ತೇವೆ. ಆದರೆ ಎಪ್ಪತ್ತು ದಾಟಿದ, ವಿಜ್ಞಾನ ಬಲ್ಲ, ಲೋಕ ಕಂಡ ಹಿರಿಯರೊಬ್ಬರು ಕೈಯಲ್ಲಿ ಹೊಸ ಫೋನ್ ಹಿಡಿದುಕೊಂಡು, “ಇದರಲ್ಲಿ ಹೆದರುವಂಥದ್ದೇನಿದೆ? ಮುಚ್ಚಿಡಲು ನಮ್ಮಲ್ಲೇನಿದೆ?” ಎಂದು ನಕ್ಕುಬಿಟ್ಟರೆ ಆ ಮನೆಯಲ್ಲಿ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಮಗ ಒಪ್ಪುತ್ತಾನೆ, ಸೊಸೆ ಸುಮ್ಮನಾಗುತ್ತಾಳೆ, ಮೊಮ್ಮಕ್ಕಳು ಅದನ್ನೇ ಕಲಿಯುತ್ತಾರೆ. ಲಘುವಾಗಿ ಆಡಿದ ಮಾತು ಹೀಗೆ ಮನೆಯ ಕಾನೂನಾಗುತ್ತದೆ. ಆದ್ದರಿಂದಲೇ ಇಂತಹ ಮಾತನ್ನು ಲಘುವಾಗಿ ಪರಿಗಣಿಸದೆ, ಗೌರವಪೂರ್ವಕವಾಗಿಯೇ ಪರಿಶೀಲಿಸಬೇಕಾದ ಅಗತ್ಯ ಇದೆ.

ಈ ಮಾತನ್ನು ಜಗತ್ತಿನ ಮಟ್ಟದಲ್ಲಿ ಆಡಿದ ಹಿರಿಯರಲ್ಲಿ ವಿಂಟ್ ಸರ್ಫ್ ಪ್ರಮುಖರು. 1943ರಲ್ಲಿ ಜನಿಸಿದ ಇವರು ಸಾಮಾನ್ಯ ವ್ಯಕ್ತಿಯಲ್ಲ. ಒಂದು ಕಂಪ್ಯೂಟರ್ ಇನ್ನೊಂದರೊಂದಿಗೆ ಮಾತನಾಡುವ ನಿಯಮಗಳನ್ನು ರಾಬರ್ಟ್ ಕಾನ್ ಅವರೊಂದಿಗೆ ಸೇರಿ 1974ರಲ್ಲಿ ಪ್ರಕಟಿಸಿದವರು. ಇಂದಿನ ಅಂತರ್ಜಾಲ ನಿಂತಿರುವುದೇ ಆ ಅಡಿಪಾಯದ ಮೇಲೆ. 2005ರಲ್ಲಿ ಗೂಗಲ್ ಸಂಸ್ಥೆಯನ್ನು ಸೇರಿ ಅಂತರ್ಜಾಲದ ಮುಖ್ಯ ಪ್ರಚಾರಕ ಎಂಬ ಹುದ್ದೆ ವಹಿಸಿಕೊಂಡರು. 2013ರ ನವೆಂಬರ್‌ನಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಏರ್ಪಡಿಸಿದ್ದ ಕಾರ್ಯಾಗಾರದಲ್ಲಿ ಅವರು ಮಾತನಾಡಿದರು. ಖಾಸಗಿತನ ಎಂಬುದು ಮಾನವ ಇತಿಹಾಸದಲ್ಲಿ ಒಂದು ಅಪವಾದವೇ ಇರಬಹುದು ಎಂಬುದು ಅಲ್ಲಿ ಅವರಾಡಿದ ಮಾತಿನ ತಾತ್ಪರ್ಯ. ಅದಕ್ಕೆ ತಮ್ಮ ಯೌವನದ ನೆನಪೊಂದನ್ನು ಅವರು ಉದಾಹರಣೆಯಾಗಿ ಕೊಟ್ಟರು. ವಿದ್ಯಾರ್ಥಿಯಾಗಿದ್ದಾಗ ಅವರು ಜರ್ಮನಿಯಲ್ಲಿ ಸುಮಾರು 3,000 ಜನರಿದ್ದ ಪುಟ್ಟ ಊರಿನಲ್ಲಿ ವಾಸವಾಗಿದ್ದರು. ಯಾರಿಗೆ ಯಾರಿಂದ ಕಾಗದ ಬರುತ್ತದೆಂದು ಆ ಊರಿನ ಪೋಸ್ಟ್ ಮಾಸ್ಟರ್‌ಗೆ ತಿಳಿದಿತ್ತು. ಎಲ್ಲರ ವಿಷಯ ಎಲ್ಲರಿಗೂ ಗೊತ್ತಿತ್ತು. ಅಂದಮೇಲೆ ಖಾಸಗಿತನ ಎಲ್ಲಿತ್ತು ಎಂಬುದು ಅವರ ಪ್ರಶ್ನೆ. ದೊಡ್ಡ ನಗರಗಳು ಬೆಳೆದ ಮೇಲೆ, ಕೈಗಾರಿಕಾ ಕ್ರಾಂತಿಯ ನಂತರ ಹುಟ್ಟಿದ ಕಲ್ಪನೆ ಅದು ಎಂಬುದು ಅವರ ಅಭಿಪ್ರಾಯ.

ಸರ್ಫ್ ಅವರಿಗೆ ಯಂತ್ರಗಳ ಮೇಲೆ ಅಪಾರ ಪ್ರೀತಿ. ತಮ್ಮ ಮನೆಯ ಕೋಣೆಗಳಲ್ಲಿ ಸಂವೇದಕಗಳನ್ನು ಅಳವಡಿಸಿ, ಉಷ್ಣತೆ, ತೇವಾಂಶ ಮತ್ತು ಬೆಳಕನ್ನು ಐದೈದು ನಿಮಿಷಕ್ಕೊಮ್ಮೆ ದಾಖಲಿಸುವ ವ್ಯವಸ್ಥೆಯ ಬಗ್ಗೆ ಅವರು ಹಲವು ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ. ನೆಲಮಾಳಿಗೆ ಬಿಸಿಯಾದರೆ ಅವರ ಫೋನಿಗೆ ಸಂದೇಶ ಬರುತ್ತದೆ. ಅಷ್ಟೇ ಅಲ್ಲ, ದೀಪ ಹತ್ತಿ ಆರಿದ ದಾಖಲೆಯನ್ನು ನೋಡಿದರೆ ತಾವಿಲ್ಲದ ವೇಳೆ ಅಲ್ಲಿಗೆ ಯಾರಾದರೂ ಹೋಗಿದ್ದರೇ ಎಂದೂ ತಿಳಿಯಬಹುದು! ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಕೋಣೆಯ ಬಿಸಿಯನ್ನು ಅಳೆಯಲು ಇಟ್ಟ ಯಂತ್ರ ಮನುಷ್ಯರ ಓಡಾಟವನ್ನು ಹೇಳತೊಡಗಿತು. ಒಂದು ಉದ್ದೇಶಕ್ಕೆ ಸಂಗ್ರಹಿಸಿದ ಮಾಹಿತಿ ಇನ್ನೊಂದು ಗುಟ್ಟನ್ನು ಬಿಟ್ಟುಕೊಡುತ್ತದೆ. ಇಡೀ ಸಮಸ್ಯೆಯ ಬೇರು ಇರುವುದು ಇಲ್ಲಿಯೇ.

ಹಾಗೆಂದು ಸರ್ಫ್ ಅವರ ಮಾತುಗಳನ್ನೆಲ್ಲ ತಳ್ಳಿಹಾಕುವುದು ಅನ್ಯಾಯವಾದೀತು. ಇಂದಿನ ಡಿಜಿಟಲ್ ಕಡತಗಳನ್ನು ಮುಂದಿನ ಪೀಳಿಗೆಯ ಯಂತ್ರಗಳು ಓದಲಾರದೆ ಹೋಗಬಹುದು, ನಿಮಗೆ ನಿಜಕ್ಕೂ ಪ್ರಿಯವಾದ ಚಿತ್ರಗಳನ್ನು ಕಾಗದದಲ್ಲಿ ಮುದ್ರಿಸಿ ಇಟ್ಟುಕೊಳ್ಳಿ ಎಂದು 2015ರಲ್ಲಿ ಅವರು ನೀಡಿದ ಸಲಹೆ ಬಹಳ ವಿವೇಕದ್ದು. 2013ರ ಅದೇ ಮಾತುಕತೆಯಲ್ಲೂ, ತಂತ್ರಜ್ಞಾನವು ನಮ್ಮ ಸಾಮಾಜಿಕ ತಿಳಿವಳಿಕೆಯನ್ನು ಹಿಂದಿಕ್ಕಿ ಓಡಿದೆ, ಇತರರ ಖಾಸಗಿತನವನ್ನು ಗೌರವಿಸುವ ನಡಾವಳಿಗಳು ರೂಪುಗೊಳ್ಳಬೇಕಾಗಿದೆ ಎಂಬ ಆಶಯವನ್ನು ಅವರು ವ್ಯಕ್ತಪಡಿಸಿದ್ದರು. ಆದರೆ ಜನರ ಬಾಯಲ್ಲಿ ಉಳಿದದ್ದು ಈ ಎಚ್ಚರಿಕೆಯಲ್ಲ, ಪೋಸ್ಟ್ ಮಾಸ್ಟರ್‌ನ ಕತೆ ಮಾತ್ರ.

ಇಷ್ಟಕ್ಕೂ ಆ ಕತೆ ಏನನ್ನು ಸಾಬೀತುಪಡಿಸುತ್ತದೆ? ನಮ್ಮ ಊರುಗಳಲ್ಲೂ ಅಂಚೆಯಣ್ಣನಿಗೆ ಎಲ್ಲರ ಮನೆಯ ಸಂಗತಿ ಗೊತ್ತಿತ್ತು. ಗಲ್ಫ್‌ನಿಂದ ಮಗನ ಕಾಗದ ಬಂತೇ, ಡ್ರಾಫ್ಟ್ ಬಂತೇ ಎಂಬುದು ಮನೆಯವರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಅಕ್ಷರ ಬಾರದ ತಾಯಂದಿರಿಗೆ ಕಾಗದ ಓದಿ ಹೇಳುತ್ತಿದ್ದವನೂ ಎಷ್ಟೋ ಕಡೆ ಅವನೇ. ಆದರೆ ಅವನಿಗೆ ನಾವು ಗೊತ್ತಿದ್ದ ಹಾಗೆಯೇ ನಮಗೆ ಅವನೂ ಗೊತ್ತಿದ್ದ. ಅವನ ಮನೆ, ಮಕ್ಕಳು, ಸಾಲ ಎಲ್ಲವೂ ನಮಗೆ ತಿಳಿದಿತ್ತು. ಅವನು ಲಕೋಟೆಯ ಮೇಲಿನ ವಿಳಾಸ ಓದುತ್ತಿದ್ದನೇ ಹೊರತು ಲಕೋಟೆ ಒಡೆಯುತ್ತಿರಲಿಲ್ಲ. ಓದಿದ್ದನ್ನು ಕಾಲಕ್ರಮೇಣ ಮರೆಯುತ್ತಿದ್ದ. ಮುಖ್ಯವಾಗಿ, ಅದನ್ನು ಮಾರುತ್ತಿರಲಿಲ್ಲ. ಬಾಯಿ ಹಗುರ ಮಾಡಿದರೆ ಮರುದಿನ ಅದೇ ಬೀದಿಯಲ್ಲಿ ನಾಲ್ವರೆದುರು ಅವನು ಉತ್ತರಿಸಬೇಕಾಗಿತ್ತು. ಇಂದು ನಮ್ಮ ಫೋನಿನೊಳಗೆ ಕುಳಿತಿರುವವನು ಯಾರೆಂದು ನಮಗೆ ಗೊತ್ತಿಲ್ಲ. ಅವನ ಊರು ಗೊತ್ತಿಲ್ಲ. ಅವನು ಮರೆಯುವುದಿಲ್ಲ. ಸಂಗ್ರಹಿಸಿದ್ದನ್ನು ಮಾರುವುದೇ ಎಷ್ಟೋ ಕಡೆ ಅವನ ಕಸುಬು. ಅವನನ್ನು ನಿಲ್ಲಿಸಿ ಕೇಳಲು ನಮಗೆ ಬೀದಿಯೂ ಇಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಹೇಗೆ?

ಖಾಸಗಿತನ ನಗರಗಳ ಕೂಸು ಎಂಬ ವಾದವೂ ಪೂರ್ಣ ಸತ್ಯವಲ್ಲ. ಅನ್ಯರ ಮನೆಗೆ ಅನುಮತಿ ಪಡೆಯದೆ ಪ್ರವೇಶಿಸಬಾರದೆಂಬ ಶಿಸ್ತನ್ನು ಪವಿತ್ರ ಕುರ್‌ಆನ್‌ನ ಅನ್ನೂರ್ ಅಧ್ಯಾಯ ಹದಿನಾಲ್ಕು ಶತಮಾನಗಳ ಹಿಂದೆಯೇ ಕಲಿಸಿದೆ. ಮನೆಯೊಳಗಿನ ಮಕ್ಕಳು ಕೂಡ ದಿನದ ಮೂರು ವೇಳೆಗಳಲ್ಲಿ ಕೇಳಿಯೇ ಕೋಣೆಯೊಳಗೆ ಬರಬೇಕೆಂಬ ನಿರ್ದೇಶನ ಅದೇ ಅಧ್ಯಾಯದಲ್ಲಿದೆ. ಅಂದು ಅಲ್ಲಿ ಕೈಗಾರಿಕೆಯಿರಲಿಲ್ಲ, ಮಹಾನಗರಗಳಿರಲಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಸಮಾಜವೇ ಅದಾಗಿತ್ತು. ವಾಸ್ತವದಲ್ಲಿ, ಪರಸ್ಪರ ಬಲ್ಲವರ ನಡುವೆಯೇ ಈ ಮರ್ಯಾದೆ ಹೆಚ್ಚು ಬೇಕಾಗುತ್ತದೆ. ಪಾಶ್ಚಾತ್ಯ ಕಾನೂನಿನಲ್ಲಿ ಈ ವಿಷಯ ಹರಿತಗೊಂಡದ್ದು 1890ರಲ್ಲಿ, ಸ್ಯಾಮ್ಯುಯೆಲ್ ವಾರನ್ ಮತ್ತು ಲೂಯಿಸ್ ಬ್ರಾಂಡೀಸ್ ಎಂಬಿಬ್ಬರು ಅಮೆರಿಕನ್ ವಕೀಲರು ಹಾರ್ವರ್ಡ್ ಲಾ ರಿವ್ಯೂ ಪತ್ರಿಕೆಯಲ್ಲಿ ಬರೆದ ಲೇಖನದಿಂದ. ಆಗ ಅವರನ್ನು ಚಿಂತೆಗೀಡು ಮಾಡಿದ್ದು ದಿಢೀರನೆ ಚಿತ್ರ ತೆಗೆಯುವ ಕ್ಯಾಮೆರಾ ಮತ್ತು ಅನ್ಯರ ಮನೆಯ ಸುದ್ದಿಯನ್ನು ಮಾರುವ ಪತ್ರಿಕೆಗಳು. ಹೊಸ ಯಂತ್ರ ಬಂದಾಗಲೆಲ್ಲ ಹಳೆಯ ಮರ್ಯಾದೆಗೆ ಹೊಸ ಬೇಲಿ ಹಾಕಬೇಕಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಬೇಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಓದುಗರಿಗೆ ತೀರಾ ಹತ್ತಿರದ ಪ್ರಕರಣವೊಂದು ತಿಳಿಸುತ್ತದೆ. ನಮಾಝ್‌ನ ವೇಳೆ ಮತ್ತು ಕಿಬ್ಲಾದ ದಿಕ್ಕನ್ನು ತೋರಿಸುವ ಮುಸ್ಲಿಮ್ ಪ್ರೊ ಎಂಬ ಆ್ಯಪ್ ಜಗತ್ತಿನಾದ್ಯಂತ 9.8 ಕೋಟಿಗೂ ಹೆಚ್ಚು ಬಾರಿ ಡೌನ್‌ಲೋಡ್ ಆಗಿತ್ತು. ಈ ಆ್ಯಪ್ ಬಳಸುವವರು ಎಲ್ಲೆಲ್ಲಿದ್ದಾರೆ ಎಂಬ ಮಾಹಿತಿ ಎಕ್ಸ್-ಮೋಡ್ ಎಂಬ ಕಂಪೆನಿಗೆ ಹೋಗುತ್ತಿದೆ, ಆ ಕಂಪೆನಿ ತಾನು ಸಂಗ್ರಹಿಸಿದ ಮಾಹಿತಿಯನ್ನು ಅಮೆರಿಕದ ಸೇನೆಯ ಗುತ್ತಿಗೆದಾರರಿಗೆ ಮಾರುತ್ತಿದೆ ಎಂದು 2020ರ ನವೆಂಬರ್‌ನಲ್ಲಿ ಮದರ್‌ಬೋರ್ಡ್ ಎಂಬ ಸುದ್ದಿತಾಣ ವರದಿ ಮಾಡಿತು. ಸೇನೆಗೆ ತಾವು ಮಾರಿಲ್ಲ ಎಂದ ಆ್ಯಪ್‌ನವರು, ಆ ಕಂಪೆನಿಯೊಂದಿಗಿನ ಸಂಬಂಧವನ್ನು ಕಡಿದುಕೊಳ್ಳುವುದಾಗಿ ಪ್ರಕಟಿಸಿದರು. ಫಜ್ರ್‌ಗೆ ಎಬ್ಬಿಸಲಿ ಎಂದು ಫೋನಿನಲ್ಲಿ ಆ್ಯಪ್ ಹಾಕಿಕೊಂಡ ವೃದ್ಧರಿಗೆ ಮುಚ್ಚಿಡಲು ಏನಿತ್ತು? ಏನೂ ಇರಲಿಲ್ಲ. ಆದರೂ ಅವರು ಯಾವ ಮಸೀದಿಗೆ ಹೋಗುತ್ತಾರೆ, ಯಾವ ಮನೆಯಲ್ಲಿ ಮಲಗುತ್ತಾರೆ ಎಂಬುದನ್ನು ಬಿಟ್ಟುಕೊಡಬಲ್ಲ ಮಾಹಿತಿ ಅವರಿಗೆ ಅರಿವಿಲ್ಲದಂತೆ ವ್ಯಾಪಾರದ ಸರಕಾಗಿತ್ತು. ಗಮನಾರ್ಹ ಸಂಗತಿಯೆಂದರೆ, 2024ರ ಜನವರಿಯಲ್ಲಿ ಎಕ್ಸ್-ಮೋಡ್ ಮತ್ತು ಅದರ ಉತ್ತರಾಧಿಕಾರಿ ಕಂಪೆನಿ ಜನರ ಸೂಕ್ಷ್ಮ ಸ್ಥಳಗಳ ಮಾಹಿತಿಯನ್ನು ಮಾರದಂತೆ ಕ್ರಮ ಕೈಗೊಂಡದ್ದು ಅದೇ ಫೆಡರಲ್ ಟ್ರೇಡ್ ಕಮಿಷನ್. ಖಾಸಗಿತನ ಅಪವಾದವೆಂಬ ಮಾತನ್ನು 2013ರಲ್ಲಿ ಕೇಳಿಸಿಕೊಂಡ ಸಂಸ್ಥೆಯೇ ಹತ್ತು ವರ್ಷಗಳ ನಂತರ ಅದರ ಬೆಲೆಯನ್ನು ಎಣಿಸಬೇಕಾಯಿತು.

“ಮುಚ್ಚಿಡಲು ನನ್ನಲ್ಲಿ ಏನೂ ಇಲ್ಲ” ಎಂಬ ವಾದದ ದೊಡ್ಡ ದೋಷ ಇರುವುದು “ನನ್ನಲ್ಲಿ” ಎಂಬ ಪದದಲ್ಲಿ. ನಮ್ಮ ಫೋನಿನಲ್ಲಿರುವುದು ನಮ್ಮದು ಮಾತ್ರವೇ? ಅದರಲ್ಲಿ ಬಂಧುಗಳ ನಂಬರ್‌ಗಳಿವೆ. ಮಗಳ ಮದುವೆಯ ಚಿತ್ರಗಳಿವೆ. ತಂಗಿಯ ಆಸ್ಪತ್ರೆಯ ವರದಿಯಿದೆ. ಸ್ನೇಹಿತನೊಬ್ಬ ಸಂಕಟದಲ್ಲಿ ಬರೆದ ಸಂದೇಶವಿದೆ. ಇವೆಲ್ಲವೂ ನಮ್ಮ ಬಳಿ ಇರುವ ಅಮಾನತ್ತು. ಸ್ವಂತ ಗುಟ್ಟನ್ನು ಬೀದಿಯಲ್ಲಿ ಹರಡುವ ಸ್ವಾತಂತ್ರ್ಯ ಯಾರಿಗೂ ಇದೆ. ಅನ್ಯರ ಅಮಾನತ್ತನ್ನು ಹರಡುವ ಸ್ವಾತಂತ್ರ್ಯ ಯಾರಿಗೂ ಇಲ್ಲ.

ಇದು ಬರೇ ನೀತಿಬೋಧೆಯಲ್ಲ. ಕೊರೋನಾ ಕಾಲದಲ್ಲಿ ಮತ್ತು ಅದರ ನಂತರ ಕ್ಷಣಮಾತ್ರದಲ್ಲಿ ಸಾಲ ಕೊಡುವ ಆ್ಯಪ್‌ಗಳ ಹಾವಳಿ ದೇಶದಾದ್ಯಂತ ಹಬ್ಬಿತ್ತು. ಸಾಲ ಪಡೆಯುವಾತ ಒಂದು ಗುಂಡಿ ಒತ್ತಿದರೆ ಅವನ ಫೋನಿನ ನಂಬರ್ ಪಟ್ಟಿಯೆಲ್ಲ ಅವರ ಕೈಸೇರುತ್ತಿತ್ತು. ಕಂತು ತಪ್ಪಿದಾಗ ಕರೆ ಹೋಗುತ್ತಿದ್ದದ್ದು ಅವನಿಗೆ ಮಾತ್ರವಲ್ಲ, ಅವನ ಅತ್ತೆ, ಮಾವ, ಮೇಸ್ತ್ರಿ, ನೆರೆಮನೆಯವರು ಹೀಗೆ ಎಲ್ಲರಿಗೂ. ತಿರುಚಿದ ಚಿತ್ರಗಳನ್ನು ಕಳುಹಿಸಿ ಮಾನ ಹರಾಜು ಹಾಕಿದ ಪ್ರಕರಣಗಳಿವೆ. ಅವಮಾನ ತಾಳಲಾರದೆ ಪ್ರಾಣ ಕಳಕೊಂಡವರೂ ಇದ್ದಾರೆ. ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್, ಸಾಲದ ಆ್ಯಪ್‌ಗಳು ಗ್ರಾಹಕರ ನಂಬರ್ ಪಟ್ಟಿ, ಕರೆಗಳ ದಾಖಲೆ ಮತ್ತು ಚಿತ್ರಗಳಿಗೆ ಕೈಹಾಕಬಾರದೆಂದು ಮಾರ್ಗಸೂಚಿ ಹೊರಡಿಸಬೇಕಾಯಿತು. ಸಾಲ ಮಾಡದ ನೂರಾರು ಮಂದಿಯ ನಂಬರ್‌ಗಳು ಒಬ್ಬನ ಬೆರಳ ತುದಿಯಿಂದ ಹೊರಬಿದ್ದಿದ್ದವು ಎಂಬುದನ್ನು ಮರೆಯಬಾರದು.

ಇನ್ನು, ಹೆಣ್ಣುಮಕ್ಕಳ ಚಿತ್ರಗಳ ವಿಚಾರ. 2021ರ ಜುಲೈಯಲ್ಲಿ ಸುಲ್ಲಿ ಡೀಲ್ಸ್ ಮತ್ತು 2022ರ ಜನವರಿ 1ರಂದು ಬುಲ್ಲಿ ಬಾಯಿ ಎಂಬ ಹೆಸರಿನ ಆ್ಯಪ್‌ಗಳು ಬಹಿರಂಗಕ್ಕೆ ಬಂದವು. ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಸಾಮಾಜಿಕ ಜಾಲತಾಣಗಳಿಂದ ಎತ್ತಿಕೊಂಡು ಅವರನ್ನು ಹರಾಜಿಗಿಟ್ಟಂತೆ ತೋರಿಸಿದ ನೀಚ ಕೃತ್ಯ ಅದು. ಪತ್ರಕರ್ತೆಯರು, ವಿದ್ಯಾರ್ಥಿನಿಯರು, ಹೋರಾಟಗಾರ್ತಿಯರು ಅದರಲ್ಲಿದ್ದರು. ಎರಡನೆಯ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ 21ರ ಹರೆಯದ ಯುವಕನೂ ಇದ್ದ. ಇಲ್ಲಿ ಅಪರಾಧ ಚಿತ್ರ ಹಾಕಿದ ಮಹಿಳೆಯರದ್ದಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಸಾರ್ವಜನಿಕ ಬದುಕಿನಲ್ಲಿ ಮುಖ ತೋರಿಸುವ ಹಕ್ಕು ಅವರಿಗೆ ಸಂಪೂರ್ಣವಾಗಿ ಇದೆ. ಮನೆಯ ಹೆಣ್ಣುಮಕ್ಕಳನ್ನು ಅಂಜಿಸಿ ಮೂಲೆಗೆ ಕೂರಿಸುವುದು ಇದಕ್ಕೆ ಪರಿಹಾರವೂ ಅಲ್ಲ. ಆದರೆ ತನ್ನ ಚಿತ್ರ ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಎಂದು ತೀರ್ಮಾನಿಸಬೇಕಾದವಳು ಅವಳೇ. ಹೊಸ ಫೋನಿನ ಕ್ಯಾಮೆರಾ ಎಷ್ಟು ಚೆನ್ನಾಗಿದೆಯೆಂದು ತೋರಿಸಲು ಸೊಸೆಯ ಚಿತ್ರವನ್ನು ಅವಳನ್ನು ಕೇಳದೆಯೇ ಇನ್ನೂರು ಜನರ ಗುಂಪಿಗೆ ಕಳುಹಿಸುವ ಮಾವನ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಅದರ ಬೆಲೆಯನ್ನು ತೆರಬೇಕಾದವರೂ ಮಾವನವರಲ್ಲ.

ಯೋಚಿಸಬೇಕಾದದ್ದು ಇದನ್ನೇ. ಮುಚ್ಚಿಡಲು ಏನಿದೆ ಎಂದು ನಿರಾತಂಕವಾಗಿ ಕೇಳುವವರು ಸಾಮಾನ್ಯವಾಗಿ ಸುರಕ್ಷಿತ ಸ್ಥಾನದಲ್ಲಿರುವವರು. ಪಿಂಚಣಿ ಬರುತ್ತಿದೆ, ಮಕ್ಕಳು ದಡ ಸೇರಿದ್ದಾರೆ, ಊರಿನಲ್ಲಿ ಗೌರವ ಇದೆ. ಬಾಡಿಗೆ ಮನೆ ಹುಡುಕುತ್ತಿರುವ ಯುವಕ, ಗಂಡನಿಂದ ಬೇರ್ಪಟ್ಟು ಬದುಕುತ್ತಿರುವ ಹೆಣ್ಣು, ಕಾಯಿಲೆಯನ್ನು ಯಾರಿಗೂ ಹೇಳಲಾರದ ನೌಕರ, ಹೆಸರಿನ ಕಾರಣಕ್ಕೇ ಸಂಶಯಕ್ಕೆ ಗುರಿಯಾಗುವ ವಿದ್ಯಾರ್ಥಿ - ಇವರ್ಯಾರೂ ಈ ಪ್ರಶ್ನೆಯನ್ನು ಅಷ್ಟು ಹಗುರವಾಗಿ ಕೇಳಲಾರರು. ಖಾಸಗಿತನ ಎಂಬುದು ತಪ್ಪಿತಸ್ಥರ ಮುಸುಕಲ್ಲ, ದುರ್ಬಲರ ಗೋಡೆ.

ಈ ಸತ್ಯವನ್ನು ಈ ದೇಶಕ್ಕೆ ನೆನಪಿಸಿದವರು ಇನ್ನೊಬ್ಬ ಹಿರಿಯರು, ಅದೂ ಕರ್ನಾಟಕದವರು. ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಮ್ ಕೋರ್ಟಿಗೆ ಅರ್ಜಿ ಸಲ್ಲಿಸಿದಾಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಕೇಂದ್ರ ಸರಕಾರ ವಾದಿಸಿತು. 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಅದು ಮುಂದಿಟ್ಟಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಆ ವಾದವನ್ನು ತಿರಸ್ಕರಿಸಿ, ಖಾಸಗಿತನವು ಸಂವಿಧಾನದ 21ನೇ ವಿಧಿ ನೀಡುವ ಬದುಕಿನ ಮತ್ತು ಸ್ವಾತಂತ್ರ್ಯದ ಹಕ್ಕಿನ ಭಾಗವೆಂದು ಘೋಷಿಸಿತು. ನಿವೃತ್ತ ನ್ಯಾಯಮೂರ್ತಿಗೆ ಮುಚ್ಚಿಡಲು ಏನಿತ್ತು ಎಂದು ಯಾರೂ ಕೇಳಲಾರರು. ತನಗೋಸ್ಕರವಲ್ಲ, ತನ್ನ ನಂತರ ಬದುಕುವವರಿಗೋಸ್ಕರ ಒಬ್ಬ ವೃದ್ಧರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2024ರ ಅಕ್ಟೋಬರ್‌ನಲ್ಲಿ, 98ರ ವಯಸ್ಸಿನಲ್ಲಿ ಅವರು ನಿಧನರಾದರು. ಅವರ ಹೆಸರು ಆ ತೀರ್ಪಿನೊಂದಿಗೆ ಉಳಿದಿದೆ.

ಆದರೆ ತೀರ್ಪೊಂದರಿಂದಲೇ ಎಲ್ಲವೂ ಸರಿಹೋಗಲಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಮ್ ಕೋರ್ಟು ಆಧಾರ್ ಕಾಯ್ದೆಯನ್ನು ಬಹುಮತದಿಂದ ಎತ್ತಿಹಿಡಿಯಿತಾದರೂ ಬ್ಯಾಂಕ್ ಖಾತೆಗೆ ಮತ್ತು ಮೊಬೈಲ್ ಸಿಮ್‌ಗೆ ಅದನ್ನು ಕಡ್ಡಾಯವಾಗಿ ಜೋಡಿಸುವುದನ್ನು ರದ್ದುಪಡಿಸಿತು. 2019ರ ತಿದ್ದುಪಡಿ ಅದನ್ನು ಗ್ರಾಹಕರ ಇಚ್ಛೆಗೆ ಬಿಟ್ಟಿತು. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾಯ್ದೆ ಬಂತು. ಕಂಪೆನಿಗಳಿಗೆ ಅದು ಕಡಿವಾಣ ಹಾಕಲು ಹೊರಟಿರುವುದು ಸ್ವಾಗತಾರ್ಹ. ಆದರೆ ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣ ನೀಡಿ ಸರಕಾರ ತನ್ನ ಸಂಸ್ಥೆಗಳನ್ನು ಅದರ ಹಿಡಿತದಿಂದ ಹೊರಗಿಡಬಹುದೆಂಬ ಅಂಶವೂ ಅದರಲ್ಲಿದೆ. ಅಂದರೆ ಮಾಹಿತಿಯನ್ನು ಅತಿ ಹೆಚ್ಚು ಸಂಗ್ರಹಿಸುವವನಿಗೇ ಬಾಗಿಲು ತೆರೆದಿದೆ. ಪ್ರಜೆಗಳು ಎಚ್ಚರವಾಗಿರದಿದ್ದರೆ ಹಕ್ಕು ಕಾಗದದಲ್ಲೇ ಉಳಿದೀತು.

ಇಷ್ಟನ್ನು ಓದಿದವರು, ಹಾಗಾದರೆ ಫೋನನ್ನು ಬಾವಿಗೆ ಎಸೆಯಬೇಕೇ ಎಂದು ಕೇಳಬಹುದು. ಖಂಡಿತ ಅಲ್ಲ. ಧ್ವನಿವರ್ಧಕ ಬಂದಾಗ, ಛಾಯಾಚಿತ್ರ ಬಂದಾಗ ನಮ್ಮ ವಿದ್ವಾಂಸರ ನಡುವೆ ದೀರ್ಘ ಚರ್ಚೆಗಳಾಗಿದ್ದವು. ಯಂತ್ರವನ್ನು ತಿರಸ್ಕರಿಸಿದ್ದರಿಂದ ಸಮುದಾಯ ಪಡೆದುಕೊಂಡದ್ದು ಏನೂ ಇಲ್ಲ, ಕಳಕೊಂಡದ್ದೇ ಹೆಚ್ಚು. ದೂರದೇಶದಲ್ಲಿರುವ ಮಗನ ಮುಖವನ್ನು ತಾಯಿ ದಿನವೂ ನೋಡುತ್ತಾಳೆಂದರೆ ಅದು ಸಣ್ಣ ಉಪಕಾರವಲ್ಲ. ಯಂತ್ರಪ್ರೀತಿಗೂ ಎಚ್ಚರಕ್ಕೂ ವಿರೋಧವಿಲ್ಲ ಎಂಬುದಕ್ಕೆ ಆ್ಯಪಲ್ ಕಂಪೆನಿಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಸಾಕ್ಷಿ. ಹೊಸ ಉಪಕರಣಗಳನ್ನು ಮಗುವಿನಂತೆ ಪ್ರೀತಿಸುವ ಈ ಹಿರಿಯರು 2018ರ ಏಪ್ರಿಲ್‌ನಲ್ಲಿ, ಕೇಂಬ್ರಿಡ್ಜ್ ಅನಾಲಿಟಿಕಾ ಹಗರಣದ ವೇಳೆ ಫೇಸ್‌ಬುಕ್ ತೊರೆಯುವುದಾಗಿ ಪ್ರಕಟಿಸಿದರು. ಬಳಕೆದಾರರು ತಮ್ಮ ಬದುಕಿನ ವಿವರಗಳನ್ನೆಲ್ಲ ಕೊಡುತ್ತಾರೆ, ಅದರ ಲಾಭದಲ್ಲಿ ಅವರಿಗೆ ಏನೂ ಸಿಗುವುದಿಲ್ಲ ಎಂಬುದು ಅವರ ಆಕ್ಷೇಪವಾಗಿತ್ತು. ಯಂತ್ರವನ್ನು ಬಲ್ಲವರಿಗೆ ಅದರ ಹಲ್ಲುಗಳೂ ಗೊತ್ತಿರಬೇಕು.

ಆದ್ದರಿಂದ ನಾವು ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ಹೊಸ ಆ್ಯಪ್ ನಂಬರ್ ಪಟ್ಟಿಯನ್ನೋ ಲೊಕೇಶನ್ ಅನ್ನೋ ಕೇಳಿದಾಗ, ಇದಕ್ಕೆ ಅದೇಕೆ ಬೇಕು ಎಂದು ಒಂದು ಕ್ಷಣ ಯೋಚಿಸಬೇಕು. ಟಾರ್ಚ್ ಉರಿಸುವ ಆ್ಯಪ್‌ಗೆ ನಮ್ಮ ಬಂಧುಗಳ ನಂಬರ್ ಬೇಕಾಗಿಲ್ಲ. ನಮಾಝ್‌ನ ವೇಳೆ ತಿಳಿಯಲು ಊರಿನ ಹೆಸರು ಹಾಕಿದರೆ ಸಾಕು, ಮಸೀದಿಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರ್ ಕೂಡಾ ಇದೆ. ಆಧಾರ್‌ನ ಪ್ರತಿ ಕೇಳಿದವರಿಗೆಲ್ಲ ವಾಟ್ಸ್ಆ್ಯಪ್‌ನಲ್ಲಿ ಅದರ ಚಿತ್ರ ಕಳುಹಿಸುವ ಬದಲು, ಕೊನೆಯ ನಾಲ್ಕು ಅಂಕೆಗಳು ಮಾತ್ರ ಕಾಣುವ ಪ್ರತಿಯನ್ನು ಪ್ರಾಧಿಕಾರದ ತಾಣದಿಂದಲೇ ಪಡೆದು ಕೊಡಬಹುದು. ಯಾರ ಚಿತ್ರವನ್ನೇ ಆಗಲಿ, ಅವರನ್ನು ಕೇಳಿಯೇ ಹಂಚಬೇಕು. ಮಗುವಿನ ಚಿತ್ರವಾದರೆ ತಾಯಿಯನ್ನು ಕೇಳಬೇಕು.

ನಮ್ಮ ಜಮಾಅತ್ ಕಮಿಟಿಗಳು ಮತ್ತು ಸೇವಾ ಸಂಘಗಳಿಗೂ ಇಲ್ಲಿ ಪಾಠ ಇದೆ. ರಮಝಾನ್ ಕಿಟ್ ಪಡೆಯುವ ವಿಧವೆಯ ಮುಖ, ಸಾಮೂಹಿಕ ವಿವಾಹದ ಬಡ ವಧುವಿನ ಹೆಸರು, ಚಿಕಿತ್ಸೆಗೆ ನೆರವು ಕೋರುವ ರೋಗಿಯ ವರದಿ, ಇವೆಲ್ಲ ದಾನಿಗಳಿಗೆ ಲೆಕ್ಕ ಒಪ್ಪಿಸುವ ನೆಪದಲ್ಲಿ ಊರೂರು ಸುತ್ತುತ್ತಿವೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಕಲಿತ ಸಮುದಾಯದಲ್ಲಿ, ಪಡೆದ ಕೈಯ ಚಿತ್ರ ಸಾವಿರ ಫೋನುಗಳಲ್ಲಿ ಹರಿದಾಡುವುದು ಸರಿಯೇ? ಲೆಕ್ಕವನ್ನು ಅಂಕೆಗಳಲ್ಲಿ ಕೊಡಬಹುದು, ಮುಖಗಳಲ್ಲೇ ಕೊಡಬೇಕಾಗಿಲ್ಲ. ಕುಟುಂಬಗಳ ಸಮೀಕ್ಷೆ ನಡೆಸಿದ ಮೇಲೆ ಆ ಪಟ್ಟಿ ಯಾರ ಫೋನಿನಲ್ಲಿದೆ, ಕೆಲಸ ಮುಗಿದ ನಂತರ ಅಳಿಸಲಾಗಿದೆಯೇ ಎಂದು ಕೇಳುವ ಅಧಿಕಾರ ಪ್ರತಿಯೊಬ್ಬ ಸದಸ್ಯನಿಗೂ ಇರಬೇಕು.

ಯಂತ್ರಗಳನ್ನು ಮೆಚ್ಚುವ ನಮ್ಮ ಮನೆಯ ಹಿರಿಯರಲ್ಲಿ ನಾವು ವಿನಂತಿಸುವುದು ಇಷ್ಟೆ. ನಿಮ್ಮ ಆಸಕ್ತಿ ಮೆಚ್ಚತಕ್ಕದ್ದು. ನೀವು ಕಲಿತದ್ದರಿಂದಲೇ ಮನೆಯವರೂ ಕಲಿತಿದ್ದಾರೆ. ಆದರೆ ಮುಚ್ಚಿಡಲು ಏನೂ ಇಲ್ಲವೆಂದು ಇನ್ನೊಮ್ಮೆ ಹೇಳುವ ಮುನ್ನ ಆ ಫೋನಿನೊಳಗೆ ಯಾರ್ಯಾರ ಅಮಾನತ್ತು ಇದೆಯೆಂದು ಒಮ್ಮೆ ಎಣಿಸಿ ನೋಡಿ. ನಿಮ್ಮ ಮಾತಿಗೆ ಮನೆಯಲ್ಲಿ ಇನ್ನೂ ಬೆಲೆಯಿದೆ. ಆ ಮಾತು ಯಾರ ಗೋಡೆಯನ್ನೂ ಒಡೆಯದಿರಲಿ.